ಮೇಷ್ಟ್ರಿಗೆ ಒಗ್ಗಿದ ಖಾಲಿ ಪರದೆ

ಆಗ ನನಗೆ ಐವತ್ತೆಂಟು. ಹನ್ನೊಂದು ವರ್ಷದ ಹಿಂದಿನ ಮಾತು. ಮರೆತಿರಲಿಲ್ಲ, ಹಾಗಂತ ಕೂತು ನೆನೆಯುತ್ತಲೂ ಇರಲಿಲ್ಲ. ಹೋದ ವಾರ ಪಹಣಿಯ ನಕಲು ತೆಗೆಸಲು ತಿಪಟೂರಿಗೆ ಹೋಗಿದ್ದೆ. ಝೆರಾಕ್ಸ್ ಅಂಗಡಿಯಲ್ಲಿ ಕರೆಂಟು ಹೋಗಿತ್ತು. ಬಂದ ಮೇಲೆ ಅಂಗಡಿಯ ಹುಡುಗಿ ಹಳೇ ಕಂಪ್ಯೂಟರ್ ಹಾಕಿದಳು. ಒಳಗಿನ ಧೂಳು ಬಿಸಿಯಾಗಿ ಒಂದು ಕಮಟು ವಾಸನೆ ಎದ್ದಿತು. ನಮ್ಮ ಪಕ್ಕದ ಮನೆಯ ಟೈಪಿಂಗ್ ಮೇಷ್ಟ್ರ ಜಗಲಿಯ ವಾಸನೆ ಅದು...

ತುರುವೇಕೆರೆಯಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದವರು. ಆ ಕಾಲ ಮುಗಿದ ಮೇಲೆ ದಬ್ಬೇಘಟ್ಟದ ಮನೆಯ ಜಗಲಿಯಲ್ಲಿ ಒಂದು ಹಳೇ ಕಂಪ್ಯೂಟರ್ ಇಟ್ಟುಕೊಂಡು ಊರವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಯಾರೂ ಕೇಳದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ಬೆರಳು ಸುಮ್ಮನಿದ್ದರೆ ಸತ್ತ ಹಾಗೆ ಅನ್ನುತ್ತಿದ್ದರು. ಅಂಥವರ ಕಣ್ಣು ಕೆಟ್ಟಿತು. ಎದುರಿಗೆ ನಿಂತವರ ಮುಖ ಕಾಣುತ್ತಿರಲಿಲ್ಲ, ಪಕ್ಕದಲ್ಲಿದ್ದದ್ದು ಮಬ್ಬಾಗಿ ಕಾಣುತ್ತಿತ್ತು. ಹೋದ ಕಣ್ಣು ಮತ್ತೆ ಬರುವುದಿಲ್ಲವೆಂದು ಡಾಕ್ಟರು ಹೇಳಿ ಕಳಿಸಿದ್ದರು.

ಅವರ ಮನೆಯ ಕೊಬ್ಬರಿಯ ಚಿಪ್ಪು ಬಿಡಿಸುವ ಕೆಲಸ ನನ್ನದು. ಅವರ ಜಗಲಿಯಲ್ಲೇ ಕೂತು ಮಾಡುತ್ತಿದ್ದೆ. ಕಂಪ್ಯೂಟರಿನ ಒಳಗೆ ಬಾಣದಂಥದ್ದು ಒಂದು ಓಡಾಡುತ್ತದಲ್ಲ, ಅದು ಎಲ್ಲಿದೆ ಎಂದು ಅವರು ಕೇಳುವುದು, ಎಡಕ್ಕೆ, ಇನ್ನೂ ಎಡಕ್ಕೆ, ಅಯ್ಯೋ ದಾಟಿಹೋಯಿತು ಎಂದು ನಾನು ಕೂಗುವುದು. ಕುರಿ ಕಾದ ಹಾಗಿತ್ತು. ಒಂದು ಅರ್ಜಿಗೆ ಒಂದು ಹೊತ್ತು.

ಮೇಷ್ಟ್ರು ಹೇಳಿಕಳಿಸಿದ ಮೇಲೆ ಕಂಪ್ಯೂಟರ್ ರಿಪೇರಿಯವನೊಬ್ಬ ತಿಪಟೂರಿನಿಂದ ಬಂದ. ಕಂಪ್ಯೂಟರ್ ಬದಲಾಯಿಸುವುದು ಬೇಡ, ಹಾಕಿದೊಡನೆ ಪರದೆಯ ಮೇಲೆ ಕಾಣುವ ಅದರ ಮುಖ ಬದಲಾಯಿಸಿದರೆ ಸಾಕು, ಮುಖಗಳು ಬೇಕಾದಷ್ಟು ಇವೆ ಎಂದ. ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು, ನಾಕು ದಿನ ಬಿಟ್ಟು ಬಂದು ಕೇಳುವುದು. ಒಂದರಲ್ಲಿ ಕೆಳಗೆ ಸಾಲಾಗಿ ಚಿತ್ರ. ಇನ್ನೊಂದರಲ್ಲಿ ಚಿತ್ರವೆಲ್ಲ ರೊಟ್ಟಿಯಷ್ಟಗಲ. ಮತ್ತೊಂದು ತಾಲ್ಲೂಕು ಆಫೀಸಿನದರ ಥರವೇ ಇತ್ತು. ಹೆಣ್ಣು ನೋಡಿದ ಹಾಗೆ ಎಲ್ಲವನ್ನೂ ನೋಡಿದ್ದಾಯಿತು. ಎಲ್ಲದರಲ್ಲೂ ಆ ಹಾಳು ಬಾಣ ಇದ್ದೇ ಇತ್ತು.

ಕೊನೆಗೆ ಅವನು, ಬಾಣವೇ ಬೇಡದ್ದು ಒಂದಿದೆ, ಆದರೆ ಬರೀ ಕಪ್ಪಗೆ ಖಾಲಿ ಇರುತ್ತದೆ, ನಿಮಗೆ ಹಿಡಿಸುವುದಿಲ್ಲ ಎಂದ.

"ಕಾಣದಿರೋನಿಗೆ ಚಿತ್ರ ಕಟ್ಕೊಂಡು ಏನಯ್ಯ? ಹಾಕು," ಎಂದರು ಮೇಷ್ಟ್ರು.

ಅದರಲ್ಲಿ ಎಲ್ಲ ಕೆಲಸವೂ ಬೆರಳಿನದೇ. ಎರಡು ಕೀಲಿ ಒಟ್ಟಿಗೆ ಒತ್ತಿದರೆ ಬರೆಯುವ ಹಾಳೆಯೊಂದು ಪರದೆ ತುಂಬ ಬರುತ್ತಿತ್ತು. ಇನ್ನೊಂದು ತೆರೆದರೆ ಮೊದಲಿನದು ತಾನೇ ಸರಿದು ಪಕ್ಕಕ್ಕೆ ಕೂರುತ್ತಿತ್ತು. ಒಂದರ ಮೇಲೆ ಒಂದು ಬೀಳುತ್ತಿರಲಿಲ್ಲ. ಇದು ನಮ್ಮ ಕೊಬ್ಬರಿ ಅಟ್ಟದ ಥರ ಕಣ್ರೀ, ಆ ಕೊಯ್ಲಿನದು ಆ ಕಡೆ, ಈ ಕೊಯ್ಲಿನದು ಈ ಕಡೆ, ಕತ್ತಲಲ್ಲೂ ಕೈಗೆ ಸಿಗುತ್ತದೆ ಎಂದೆ. ಮೇಷ್ಟ್ರು ನಕ್ಕ ನಗು... ಕಣ್ಣು ಹೋದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು.

ಬೆರಳು ಓಡಿತು. ಆದರೆ ಹೊಡೆದದ್ದು ಸರಿಯಿದೆಯೋ ಇಲ್ಲವೋ ನೋಡಬೇಕಲ್ಲ. ನಾನು ಓದಿದ್ದು ಎರಡನೇ ಕ್ಲಾಸು, ಅದೂ ಮರೆತಿತ್ತು. ಅವರು ಅಕ್ಷರವನ್ನು ಮುಷ್ಟಿಯಷ್ಟು ದಪ್ಪ ಮಾಡಿದರು, ಕಪ್ಪಿನ ಮೇಲೆ ಬಿಳಿ. ನಾನು ಒಂದೊಂದೇ ಕೂಡಿಸಿ ಓದಿದೆ. ತಪ್ಪಿದರೆ, "ಮಾನ್ಯರೇ ಅಂತ ಹೊಡ್ದಿದೀನಿ, ನೀನು ಮಾವನ್ರೇ ಅಂತ ಓದ್ತೀಯಲ್ಲೇ," ಎಂದು ಬೈಯುತ್ತಿದ್ದರು. ಒಂದು ಬೇಸಿಗೆ ಕಳೆಯುವುದರೊಳಗೆ ನಾನು ತಡವರಿಸದೆ ಓದುತ್ತಿದ್ದೆ. ಈಗ ಇದನ್ನು ಬರೆಯುತ್ತಿರುವ ಅಕ್ಷರ ಅಲ್ಲಿಯದು.

ಮೇಷ್ಟ್ರ ಹೆಂಡತಿ ನನ್ನ ಓರಗೆಯವಳು. ಒಳ್ಳೆಯವಳು. ಅವಳಿಗೆ ಮಾತ್ರ ಆ ಕಪ್ಪು ಪರದೆ ಕಂಡರೆ ಆಗುತ್ತಿರಲಿಲ್ಲ. ದೀಪ ಹಚ್ಚದ ಗೂಡಿನ ಥರ ಇದೆ, ಅದರ ಎದುರು ದಿನವೆಲ್ಲ ಕೂತರೆ ಇರುವ ಕಣ್ಣೂ ಹೋಗುತ್ತದೆ ಅನ್ನುತ್ತಿದ್ದಳು. ಮನೆದೇವರಿಗೆ ಹರಕೆ ಕಟ್ಟಿಕೊಂಡಿದ್ದಳು. ಗಂಡ ದಿನಾ ಯಾವುದರ ಎದುರು ಕೂರುತ್ತಾನೋ ಅದರಲ್ಲಿ ದೇವರ ಮುಖ ಇರಬೇಕು, ಆ ಮುಖ ನೋಡುತ್ತಾ ನೋಡುತ್ತಾ ಕಣ್ಣು ಬರಬೇಕು. ಆಯುಧಪೂಜೆಗೆ ಮುಂಚೆ ಮೇಷ್ಟ್ರು ನೆಂಟರ ಮನೆಗೆ ಹೋಗಿದ್ದಾಗ ರಿಪೇರಿಯವನನ್ನು ಕರೆಸಿದಳು. ಕಪ್ಪು ಪರದೆಗೆ ಚಿತ್ರ ಹಾಕಿದರೂ ಹಾಳೆ ತೆರೆದೊಡನೆ ಮುಚ್ಚಿಹೋಗುತ್ತದೆ ಎಂದು ಅವನು ಆ ಖಾಲಿ ಮುಖವನ್ನೇ ತೆಗೆದುಹಾಕಿ, ಚಿತ್ರದ್ದು ಹಾಕಿಕೊಟ್ಟ. ನಡುವೆ ದೇವರು, ಸುತ್ತ ದಾಸವಾಳ.

ಹಬ್ಬದ ದಿನ ಕಂಪ್ಯೂಟರಿಗೆ ವಿಭೂತಿ ಬಳಿದು, ಹೂ ಮುಡಿಸಿ, ಗಂಡನನ್ನು ಕರೆದು ಕೂರಿಸಿದಳು. ನಾನು ಬಾಗಿಲ ಪಕ್ಕದಲ್ಲಿದ್ದೆ. ಅವರು ಎರಡು ಕೀಲಿ ಒತ್ತಿದರು. ಏನೂ ಬರಲಿಲ್ಲ. ಮತ್ತೆ ಒತ್ತಿದರು. ಅವಳು ಕೈಮುಗಿದು ನಿಂತು ಹರಕೆಯ ವಿಷಯ ಹೇಳಿದಳು.

"ಕಾಣ್ತೈತಾ?" ಎಂದಳು.

"ಕಾಣ್ದಂಗೆ ಏನು? ಕಾಣ್ತೈತೆ. ಲಕ್ಷಣವಾಗೈತೆ ಕಣೇ," ಎಂದರು ಮೇಷ್ಟ್ರು.

ಅವಳು ಮಂಗಳಾರತಿ ತರಲು ಒಳಗೆ ಹೋದಾಗ ನಾನು ಬಾಯಿ ತೆರೆದೆ. ಅವರಿಗೆ ನನ್ನ ಮುಖ ಕಾಣದಿದ್ದರೂ ಬಾಯಿ ಗೊತ್ತು. "ನೀನು ಸುಮ್ನಿರಮ್ಮ. ಅವಳಿಗೆ ಆಸೆ ಅಂತ ಇರೋದು ಅದೊಂದೇ," ಎಂದರು. ನಾನು ಪೂಜೆಯ ಗಂಟೆ ಕೈಗೆತ್ತಿಕೊಂಡೆ.

ಆಮೇಲೆ ಅರ್ಜಿಗೆ ಬಂದವರಿಗೆ, ಈಗ ಎಲ್ಲ ಆಫೀಸಿನಲ್ಲೇ ಬರೆದುಕೊಡುತ್ತಾರೆ, ಹೋಗಿ ಎಂದು ಹೇಳಿ ಕಳಿಸುತ್ತಿದ್ದರು. ದಿನಾ ಬೆಳಿಗ್ಗೆ ಸ್ನಾನ ಮಾಡಿ ಆ ಪರದೆಯ ಎದುರು ಕೂರುತ್ತಿದ್ದರು. ಬೆರಳು ಮೇಜಿನ ತುದಿಯ ಮೇಲೆ ಆಡುತ್ತಿತ್ತು, ಕೀಲಿಯ ಮೇಲಲ್ಲ. ನನಗೂ ಓದುವ ಕೆಲಸ ತಪ್ಪಿತು. ಚಿಪ್ಪು ಬಿಡಿಸುವುದು, ಮನೆಗೆ ಬರುವುದು. ಕಣ್ಣು ಬರಲಿಲ್ಲ. ಎರಡು ವರ್ಷ ಹಾಗೆ ಕೂತಿದ್ದು, ಒಂದು ಮಧ್ಯಾಹ್ನ ಹೋಗಿಬಿಟ್ಟರು...

ಇಷ್ಟೆಲ್ಲ ತಲೆಗೆ ಬಂದು, ಝೆರಾಕ್ಸ್ ಹುಡುಗಿಯನ್ನು ಕೇಳಿದೆ. ಚಿತ್ರದ ಮುಖ ಬೇಕು ಅಂದರೆ ಖಾಲಿ ಮುಖ ತೆಗೆಯಲೇಬೇಕೇನಮ್ಮ ಎಂದು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕಜ್ಜಿ ತೆಗೀಬೇಕು? ನಂದು ಚಿತ್ರದ್ದು, ನಮ್ಮಣ್ಣಂದು ಖಾಲೀದು. ಎರಡೂ ಇದ್ರಲ್ಲೇ ಐತೆ. ಹಾಕೋವಾಗ ಯಾವುದು ಬೇಕೋ ಅದು," ಎಂದಳು. ತೋರಿಸಿದಳು ಕೂಡ. ಹಾಕುವಾಗ ಬರುವ ಪಟ್ಟಿಯಲ್ಲಿ ಬೇಕಾದ ಮುಖದ ಹೆಸರು ಆರಿಸಿದರೆ ಮುಗಿಯಿತು, ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಬಸ್ಸಿನಲ್ಲಿ ಅದನ್ನೇ ಲೆಕ್ಕ ಹಾಕುತ್ತಾ ಬಂದೆ. ಬೆಳಿಗ್ಗೆ ಪೂಜೆಗೆ ಮೇಷ್ಟ್ರ ಹೆಂಡತಿಯದು, ಆಮೇಲೆ ಅರ್ಜಿಗೆ ಮೇಷ್ಟ್ರದು. ಇಬ್ಬರದೂ ನಡೆಯುತ್ತಿತ್ತು. ರಿಪೇರಿಯವನಿಗೆ ಗೊತ್ತಿರಲಿಲ್ಲವೋ, ಅವಳು ಕೇಳಲಿಲ್ಲ ಎಂದು ಅವನೂ ಹೇಳಲಿಲ್ಲವೋ. ಮೇಷ್ಟ್ರಿಗೂ ತಿಳಿಯಲಿಲ್ಲ. ಒಂದನ್ನು ತೆಗೆದರೇನೇ ಇನ್ನೊಂದು ಎಂದು ನಾವೆಲ್ಲ ನಂಬಿಕೊಂಡಿದ್ದೆವು. ಅವಳಂತೂ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ, ನಮ್ಮನೆಯವರು ಕೊನೆವರೆಗೂ ದೇವರ ಮುಖ ನೋಡಿಕೊಂಡೇ ಇದ್ದರು ಎಂದು.

ಮಾರನೆಯ ಬೆಳಿಗ್ಗೆ ಹೇಳಿಬಿಡಬೇಕೆಂದೇ ಅವಳ ಮನೆಗೆ ಹೋದೆ. ಅಟ್ಟದಿಂದ ಕೊಬ್ಬರಿ ಇಳಿಸಿ ಜಗಲಿಯಲ್ಲಿ ರಾಶಿ ಹಾಕಿಕೊಂಡು ಕೂತಿದ್ದಳು. ತಿಪಟೂರಿಗೆ ಹೋಗಿದ್ದೆಯಂತೆ, ಏನು ಸಮಾಚಾರ ಎಂದು ಕೇಳಿದಳು.

"ಏನಿಲ್ಲ ಬುಡು. ಪಹಣಿ ಸಿಕ್ತು," ಎಂದೆ. ಕತ್ತಿ ತೆಗೆದುಕೊಂಡು ಅವಳ ಎದುರು ಕೂತು ಚಿಪ್ಪು ಬಿಡಿಸತೊಡಗಿದೆ.