ವಾಪಸು ಬಂದ ಅಳತೆ ಬ್ಲೌಸ್

ನನ್ನ ಲೆಕ್ಕದ ನೋಟ್‌ಬುಕ್ಕಿನ ಮೊದಲ ಭಾನುವಾರದ ಪುಟದಲ್ಲಿ ಹೀಗೆ ಬರೆದುಕೊಂಡಿದ್ದೇನೆ: ಬಂದವರು ಏಳು ಜನ, ಚಾಪೆ ಎರಡು, ಮೆಷಿನ್ ಒಂದು, ಟೀ ಹದಿನಾಲ್ಕು ಲೋಟ. ತುಮಕೂರಿನಲ್ಲಿ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ನಾನು ಶುರು ಮಾಡಿದ ಕಂಪನಿ ಅದು. ಮನೆಯಲ್ಲೇ ಬ್ಲೌಸ್ ಹೊಲಿಯುವ ಹೆಂಗಸರನ್ನು ಒಂದು ಆ್ಯಪ್‌ಗೆ ಸೇರಿಸುವುದು, ಹೊಲಿಸುವವರಿಗೆ ಅವರನ್ನು ತೋರಿಸುವುದು, ಇಷ್ಟೇ ನನ್ನ ಐಡಿಯಾ. ಆ್ಯಪ್ ನನ್ನದು. ಪ್ರತಿ ಭಾನುವಾರ ಆ ಕೋಣೆಗೆ ಜನರನ್ನು ಕರೆತಂದವರು ಅಕ್ಕ.

ಒಡಹುಟ್ಟಿದ ಅಕ್ಕ ಅಲ್ಲ. ಗುಬ್ಬಿಯಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದವರು, ನಾನು ಕಾಲೇಜು ಸೇರಿದಾಗಿನಿಂದ ನನ್ನ ಬ್ಲೌಸ್‌ಗಳನ್ನೆಲ್ಲ ಹೊಲಿದವರು. ನನ್ನದೊಂದು ಹಸಿರು ಬ್ಲೌಸ್ ಅಳತೆಗೆಂದು ಅವರ ಬೀರುವಿನಲ್ಲೇ ಇರುತ್ತಿತ್ತು. ನಾನು ಅದನ್ನು ವಾಪಸು ಕೇಳಿದವಳಲ್ಲ, ಅವರು ಕೊಟ್ಟವರಲ್ಲ. ಅಳತೆ ಬ್ಲೌಸ್ ಯಾರ ಹತ್ತಿರ ಇರುತ್ತದೋ ಅವರೇ ನಮ್ಮ ಟೈಲರ್.

ಆರು ತಿಂಗಳಲ್ಲಿ ಗೂಳೂರು, ಹೆಬ್ಬೂರು, ಕುಣಿಗಲ್ ಸೇರಿ ನಲವತ್ತೊಂದು ಜನರಾದರು. ಮದುವೆ ಸೀಸನ್ನಿನಲ್ಲಿ ಒಬ್ಬರಿಗೆ ಕೆಲಸ ಹೆಚ್ಚಾದರೆ ಅಕ್ಕ ಬಟ್ಟೆಯ ಜೊತೆ ಅಳತೆ ಬ್ಲೌಸನ್ನೂ ಚೀಲಕ್ಕೆ ಹಾಕಿ ಕೆಲಸ ಇಲ್ಲದವರಿಗೆ ಕಳಿಸುತ್ತಿದ್ದರು. ಗುಬ್ಬಿ ಬಸ್ಸಿನ ಕಂಡಕ್ಟರ್ ತಂದ ಚೀಲವನ್ನು ನಾನು ಕುಣಿಗಲ್ ಬಸ್ಸಿಗೆ ಹತ್ತಿಸುತ್ತಿದ್ದೆ. ಒಂದು ವಾರ ಹನ್ನೊಂದು ಚೀಲ ಹೋಗಿವೆ.

ಭಾನುವಾರಗಳಲ್ಲಿ ಅಕ್ಕನ ಕೈಯಲ್ಲಿ ಯಾವಾಗಲೂ ಬೇರೆಯವರ ಹೊಲಿಗೆ. ಕುಣಿಗಲ್ಲಿನ ಹೊಸಬಳೊಬ್ಬಳು ಎಡತೋಳನ್ನು ಬಲಕ್ಕೆ ಕೂರಿಸಿಕೊಂಡು ಬಂದಿದ್ದಳು.

"ಏನ್ಲೇ ಇದು? ಹಾಕ್ಕೊಳೋಳು ಬೆನ್ನು ಮುಂದೆ ಮಾಡ್ಕೊಂಡು ಓಡಾಡ್ತಾಳಾ?"

"ಹೊಸ ಫ್ಯಾಷನ್ನು ಬುಡಕ್ಕ!"

ನಗುತ್ತಲೇ ಅಕ್ಕ ತೋಳು ಬಿಚ್ಚಿ ಮತ್ತೆ ಕೂರಿಸಿದರು. ಆ ದಿನದ ಪುಟದಲ್ಲಿ ಹಾಜರಿ ಇದೆ, ಟೀ ಲೋಟ ಇದೆ. ಆ ತೋಳಿನ ಬಗ್ಗೆ ಒಂದಕ್ಷರವೂ ಇಲ್ಲ.

ಕಂಪನಿ ಬೆಳೆಯಬೇಕು ಅನ್ನುವ ಆತುರ ನನಗೆ. ಯಾರು ಎಷ್ಟು ಬ್ಲೌಸ್ ಮುಗಿಸಿದರು ಎಂಬ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಜೋಡಿಸಿ ಪ್ರತಿ ಶನಿವಾರ ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕತೊಡಗಿದೆ.

"ಇದ್ಯಾಕಮ್ಮ, ಸ್ಕೂಲ್ ಮಕ್ಳ ಥರ ರ‍್ಯಾಂಕು?" ಎಂದರು ಅಕ್ಕ.

"ಎಲ್ರಿಗೂ ಹುಮ್ಮಸ್ಸು ಬರ್ಲಿ ಅಂತ ಅಕ್ಕ."

"ಬರ್ಲಿ ಬುಡು."

ಹುಮ್ಮಸ್ಸು ಬಂತು. ಬ್ಲೌಸ್‌ಗಳ ಸಂಖ್ಯೆ ಏರಿತು. ಚೀಲಗಳು ಹನ್ನೊಂದರಿಂದ ಆರಾದವು, ಎರಡಾದವು, ಆಮೇಲೆ ಸೊನ್ನೆ. ಕೈಗೆ ಬಂದ ಕೆಲಸವನ್ನು ಯಾರೂ ಬಿಟ್ಟುಕೊಡುತ್ತಿರಲಿಲ್ಲ. ಸೊನ್ನೆಯ ಪಕ್ಕದಲ್ಲಿ ನಾನು ಬರೆದದ್ದು: "ಬಸ್ ಸ್ಟ್ಯಾಂಡಿನ ಓಡಾಟ ತಪ್ಪಿತು."

ಅಕ್ಕ ಒಬ್ಬರೇ ಆಗಲೂ ತಮಗೆ ಬಂದದ್ದನ್ನು ಗುಬ್ಬಿಯಲ್ಲೇ ಅಕ್ಕಪಕ್ಕದವರಿಗೆ ಹಂಚುತ್ತಿದ್ದರು. ಹಾಗಾಗಿ ಒಂದು ಶನಿವಾರ ಅವರ ಹೆಸರು ಪಟ್ಟಿಯ ಕೊನೆಗೆ ಬಂತು. ನಾಲ್ಕು ಬ್ಲೌಸ್. ನಾನು ನೋಡಿದೆ, ನೋಡಿಯೂ ಹಾಕಿದೆ.

ಮರುದಿನ ಕುಣಿಗಲ್ಲಿನವಳು ತಮಾಷೆಗೇ ಕೇಳಿದಳು: "ಏನಕ್ಕ, ನಮ್ಗೆಲ್ಲ ಹೇಳ್ಕೊಟ್ಟು ನೀವೇ ಫೇಲಾ?"

ಎಲ್ಲರೂ ನಕ್ಕರು. ಅಕ್ಕನೂ ನಕ್ಕರು. ಆಗ ಅವರು ಬಿಚ್ಚುತ್ತಿದ್ದದ್ದು ಅವಳದೇ ಬ್ಲೌಸಿನ ಕತ್ತನ್ನು. ನಾನು ಬಾಯಿ ಬಿಡಬೇಕಿತ್ತು. ತಲೆ ಎಣಿಸುತ್ತಿದ್ದೆ, ಇಪ್ಪತ್ತಾರು. ಅಕ್ಕ ಕತ್ತು ಸರಿ ಮಾಡಿ ಮುಗಿಸಿದರು, ನೆಲಕ್ಕೆ ಬಿದ್ದ ದಾರದ ಚೂರುಗಳನ್ನು ಬೆರಳಲ್ಲಿ ಆರಿಸಿ ಕಸದ ಡಬ್ಬಕ್ಕೆ ಹಾಕಿದರು. "ಬರ್ತೀನಿ ಕಣಮ್ಮ" ಎಂದು ಹೋದರು.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಹಾಜರಿ ಹತ್ತೊಂಬತ್ತು, ಎಂಟು, ಮೂರು. ನಾನು ಪಟ್ಟಿ ಅಳಿಸಿ ಗುಬ್ಬಿಗೆ ಹೋದೆ. ಅಕ್ಕ ಕಾಫಿ ಕೊಟ್ಟರು, ಸಣ್ಣಗಾಗಿದ್ದೀಯ ಅಂದರು, ಅಮ್ಮನ ಮಂಡಿನೋವು ವಿಚಾರಿಸಿದರು. ಕೊನೆಗೆ ನಾನೇ ಹೇಳಿದೆ.

"ಪಟ್ಟಿ ತೆಗ್ದ್‌ಬಿಟ್ಟಿದೀನಿ ಅಕ್ಕ. ಬನ್ನಿ."

"ತೆಗ್ದ್ರೆ ಏನ್ ಬಂತು ಕಣೇ, ಎಲ್ರೂ ಆಗ್ಲೇ ಓದಾಯ್ತಲ್ಲ."

ಬೀದಿಯ ತಿರುವಿನವರೆಗೂ ಬಂದು ಕಳಿಸಿಕೊಟ್ಟರು.

ಆ ಬುಧವಾರ ಗುಬ್ಬಿ ಬಸ್ಸಿನ ಕಂಡಕ್ಟರ್ ಫೋನ್ ಮಾಡಿ ಚೀಲ ಬಂದಿದೆ ಎಂದಾಗ ನಾನು ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿದೆ. ಚೀಲಗಳು ಮತ್ತೆ ಶುರುವಾದವು ಅಂದುಕೊಂಡೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬಿಚ್ಚಿ ನೋಡಿದರೆ ನನ್ನ ಹಸಿರು ಬ್ಲೌಸ್. ಒಗೆದು, ಇಸ್ತ್ರಿ ಮಾಡಿ, ಎಂದೋ ಸಡಿಲವಾಗಿದ್ದ ಮೇಲಿನ ಹುಕ್ಕನ್ನು ಹೊಸ ದಾರದಲ್ಲಿ ಬಿಗಿ ಮಾಡಿದ್ದರು.

"ಕುಣಿಗಲ್‌ಗೆ ಹತ್ತಿಸ್ಬೇಕಾ ಮೇಡಂ? ಬಸ್ ಹೊರಡ್ತೈತೆ."

"ಇಲ್ಲ ಅಣ್ಣ. ಇದು ನಂದೇ."

ಆ ದಿನದ ಪುಟದಲ್ಲಿ "ಚೀಲ: ಒಂದು" ಎಂದಷ್ಟೇ ಇದೆ. ಭಾನುವಾರಗಳು ನಿಂತು ಎಂಟು ತಿಂಗಳಾಯಿತು. ನನ್ನ ಹೊಲಿಸದ ಬ್ಲೌಸ್ ಬಟ್ಟೆ ಮೂರು ಬಿದ್ದಿವೆ. ಆ ಬ್ಲೌಸನ್ನು ಇನ್ನೊಬ್ಬರ ಕೈಗೆ ಅಳತೆಗೆ ಕೊಡಲು ನನಗಿನ್ನೂ ಆಗಿಲ್ಲ.