ರಾಧಕ್ಕ ಅಳೆದ ಗಾಜು

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಗೆ ಸೇರಿದ್ದು. ಜುಲೈ ಬಂತೆಂದರೆ ಇಲ್ಲಿ ಎಲ್ಲ ಕಡೆ ಹೊಗೆಸೊಪ್ಪು ಬೇಯುವ ವಾಸನೆ. ಹೊಲದಿಂದ ಮುರಿದು ತಂದ ಎಲೆಯನ್ನು ಹೆಂಗಸರು ಕಡ್ಡಿಗಳಿಗೆ ಕಟ್ಟುತ್ತಾರೆ. ಆ ಕಡ್ಡಿಗಳನ್ನು ಬ್ಯಾರನ್ ಎನ್ನುವ ಎತ್ತರದ ಮನೆಯೊಳಗೆ ಸಾಲಾಗಿ ಏರಿಸುತ್ತಾರೆ. ಆಮೇಲೆ ಹೊರಗಿನ ಒಲೆಗೆ ಸೌದೆ ಹಾಕಿ, ತಗಡಿನ ಕೊಳವೆಗಳಲ್ಲಿ ಕಾವು ಹಾಯಿಸಿ, ಸೊಪ್ಪನ್ನು ಹದ ಮಾಡುತ್ತಾರೆ.

ಈ ಕೆಲಸದಲ್ಲಿ ಎಲ್ಲವೂ ನಿಂತಿರುವುದು ಒಂದು ಗಳಿಗೆಯ ಮೇಲೆ. ಮೊದಲು ಸಣ್ಣ ಕಾವಿನಲ್ಲಿ ಎಲೆ ಹಳದಿಗೆ ತಿರುಗಬೇಕು. ಪೂರ್ತಿ ತಿರುಗಿದ ಮೇಲೆ ಕಾವು ಏರಿಸಬೇಕು. ಮೊದಲೇ ಏರಿಸಿದರೆ ಎಲೆಯಲ್ಲಿ ಉಳಿದ ಹಸಿರು ಹಾಗೆಯೇ ಕಟ್ಟಿಕೊಳ್ಳುತ್ತದೆ, ಮತ್ತೆ ಏನು ಮಾಡಿದರೂ ಹೋಗುವುದಿಲ್ಲ. ತಡವಾದರೆ ಎಲೆ ಕಂದಿ ಹೋಗುತ್ತದೆ. ಥರ್ಮಾಮೀಟರ್ ಕಾವನ್ನು ಹೇಳುತ್ತದೆ, ಬಣ್ಣವನ್ನು ಹೇಳುವುದಿಲ್ಲ. ಅದಕ್ಕೇ ಬ್ಯಾರನ್ನಿನ ಗೋಡೆಯಲ್ಲಿ ಗಾಜು ಕೂರಿಸಿದ ಒಂದು ಕಿಂಡಿ ಇರುತ್ತದೆ. ಅದರೊಳಗೆ ಟಾರ್ಚ್ ಬಿಟ್ಟು ನೋಡಿ, 'ಈಗ ಏರ್ಸಿ' ಎಂದು ಹೇಳುವವರು ಒಬ್ಬರು ಬೇಕು. ನಮ್ಮೂರಿನಲ್ಲಿ ಆ ಮಾತು ಹೇಳುತ್ತಿದ್ದವರು ಸಿದ್ದಯ್ಯ.

ರಾಧಕ್ಕ ಅವರ ಒಬ್ಬಳೇ ಮಗಳು. ಫಿಸಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿ ಹುಣಸೂರಿನ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದಳು. ರಜೆ ಸಿಕ್ಕಾಗಲೆಲ್ಲ ಮೈಸೂರಿಗೆ ಹೋಗಿ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಪುಡಿಗಳನ್ನು ತೂಗಿ ಬೆರೆಸಿ, ಕುಲುಮೆಯಲ್ಲಿ ಕರಗಿಸಿ, ಹಿತ್ತಾಳೆ ತಟ್ಟೆಯ ಮೇಲೆ ಸುರಿದು ತಾನೇ ಗಾಜು ಮಾಡುತ್ತಿದ್ದಳು. ಒಮ್ಮೆಗೇ ಆರಿದರೆ ಗಾಜು ಸೀಳುತ್ತದೆಂದು ಅದನ್ನು ಇನ್ನೊಂದು ಕುಲುಮೆಯಲ್ಲಿಟ್ಟು ನಿಧಾನವಾಗಿ ಆರಿಸಬೇಕಂತೆ. ಆ ಗಾಜಿನಲ್ಲಿ ಯಾವ ಬಣ್ಣದ ಬೆಳಕು ಎಷ್ಟು ಹಾಯುತ್ತದೆ, ಎಷ್ಟು ಕಾವಿಗೆ ಅದು ಮೆತ್ತಗಾಗುತ್ತದೆ ಎಂದು ಅಳೆಯುವುದು ಅವಳ ಕೆಲಸ. ಗಾಜಿನ ಜೊತೆಗೆ ಎಲೆಯನ್ನೂ ಅಳೆಯುತ್ತಿದ್ದಳು. ಕಾವು ಏರಿದಂತೆ ಎಲೆ ಬೆಳಕನ್ನು ಹೇಗೆ ಹೀರುತ್ತದೆ, ಹೇಗೆ ಬಿಡುತ್ತದೆ ಎನ್ನುವುದನ್ನು ಯಂತ್ರದಲ್ಲಿಟ್ಟು ನೋಡುತ್ತಿದ್ದಳು. ಅಪ್ಪ ಕಿಂಡಿಯಲ್ಲಿ ನೋಡುವುದನ್ನು ಚಿಕ್ಕಂದಿನಿಂದ ಕಂಡದ್ದರಿಂದಲೇ ಈ ವಿಷಯ ಹಿಡಿದೆ ಎನ್ನುತ್ತಿದ್ದಳು. ಊರಿನವರು ನಗುತ್ತಿದ್ದರು. "ಅಪ್ಪ ಸೊಪ್ಪು ಬೇಯ್ಸ್ತಾನೆ, ಮಗಳು ಗಾಜು ಬೇಯ್ಸ್ತಾಳೆ. ಉಣ್ಣೋಕೆ ಬೇಯ್ಸೋಳು ಶಿವನಂಜಮ್ಮ ಒಬ್ಳೇಯ!"

ಶಿವನಂಜಮ್ಮ ಎಂದರೆ ರಾಧಕ್ಕನ ತಾಯಿ. ಆ ಮನೆಯಲ್ಲಿ ಇನ್ನೊಂದು ನಗೆಯ ವಿಷಯವೂ ಇತ್ತು. ಸಿದ್ದಯ್ಯನವರಿಗೆ ಒಂದೆರಡು ವರ್ಷದಿಂದ ಹೆಂಡತಿ ಒಗೆದ ಪಂಚೆ ಕಣ್ಣಿಗೆ ಹಿಡಿಸುತ್ತಿರಲಿಲ್ಲ. "ಇದೇನೇ, ಅರಿಶಿನದ ನೀರಲ್ಲಿ ಅದ್ದಿದಂಗೈತೆ. ನೀಲಿ ಹಾಕಕ್ಕೂ ಸೋಮಾರಿತನವಾ?" ಎಂದು ಬಯ್ಯುತ್ತಿದ್ದರು. ಶಿವನಂಜಮ್ಮ ಹಟಕ್ಕೆ ಬಿದ್ದು ನೀಲಿ ಹೆಚ್ಚಿಸುತ್ತಾ ಹೋದರು. ಕೊನೆಗೆ ಪಂಚೆ ಆಕಾಶದ ಬಣ್ಣಕ್ಕೆ ಬಂದಿತ್ತು. ಸಿದ್ದಯ್ಯ ಅದನ್ನೇ ಉಟ್ಟು ಬೀದಿಯಲ್ಲಿ ಬಂದರೆ ಹುಡುಗರು, "ಮೋಡ ಬಂತು ಕಣ್ರಲಾ, ಕೊಡೆ ಬಿಚ್ರಿ" ಎನ್ನುತ್ತಿದ್ದರು. ತಮ್ಮನ್ನೇ ಅನ್ನುತ್ತಿದ್ದಾರೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ೨೦೦೨ರಲ್ಲಿ, ಸಿದ್ದಯ್ಯ ಒಲೆ ನೋಡಿಕೊಳ್ಳುತ್ತಿದ್ದ ಬೆಳೆಗಾರ ದೇವರಾಜಣ್ಣನ ಬ್ಯಾರನ್ನಿನಲ್ಲಿ ಒಂದು ಸಲ ಸೊಪ್ಪು ಅಲ್ಲಲ್ಲಿ ಹಸಿರಾಗಿ ಇಳಿಯಿತು. ಸಿದ್ದಯ್ಯ ಎಲೆಯನ್ನು ತಿಕ್ಕಿ ನೋಡಿ, "ಬಲಿಯದ ಎಲೆ ಮುರಿದವ್ರೆ. ಎಳೇದು ಹೆಂಗೆ ತಿರುಗ್ತದೆ?" ಎಂದರು. ಆ ಸಾಲಿನಲ್ಲಿ ಮುರಿದವರು ಯಾರೆಂದು ವಿಚಾರಿಸಿದರು. ಸುಂದ್ರಮ್ಮ ಎಂದು ತಿಳಿಯಿತು. ಸುಂದ್ರಮ್ಮ ಎಂದರೆ ನನ್ನ ತಾಯಿ. ಹಣ್ಣೆಲೆಯನ್ನೇ ಮುರಿದೆ ಎಂದು ಅಮ್ಮ ಹೇಳಿದಳು. ಸಿದ್ದಯ್ಯನ ಮಾತಿನ ಮುಂದೆ ಅದು ನಿಲ್ಲಲಿಲ್ಲ. ದೇವರಾಜಣ್ಣ ಮತ್ತೆ ಅಮ್ಮನನ್ನು ಕೆಲಸಕ್ಕೆ ಕರೆಯಲಿಲ್ಲ. ಅಮ್ಮ ಕೆ.ಆರ್. ನಗರದ ಕಡೆ ನಾಟಿಗೆ ಹೋಗತೊಡಗಿದಳು. ನಾನು ಶಾಲೆ ಬಿಟ್ಟದ್ದು ಆ ವರ್ಷ.

೨೦೦೪ರ ಆಗಸ್ಟ್‌ನಲ್ಲಿ ದೇವರಾಜಣ್ಣನ ಬ್ಯಾರನ್ನು ಪೂರ್ತಿ ಕೆಟ್ಟಿತು. ಬಾಗಿಲು ತೆಗೆದಾಗ ಕಡ್ಡಿಕಡ್ಡಿಯೂ ಹಸಿರು. ಆ ದಿನ ಕಡ್ಡಿ ಬಿಚ್ಚಲು ಹೋದವರಲ್ಲಿ ನಾನೂ ಇದ್ದೆ.

"ಏನ್ ಸಿದ್ದಣ್ಣ ಇದು? ಸೌದೆ ಉಳಿಸಕ್ಕೆ ಬೇಗ ಏರ್ಸಿದ್ಯಾ? ನಿದ್ದೆ ಗಿದ್ದೆ ಮಾಡಿದ್ಯಾ?" ಎಂದು ದೇವರಾಜಣ್ಣ ಕೂಗಾಡಿದರು.

ಸಿದ್ದಯ್ಯನ ಮುಖ ಕಪ್ಪಿಟ್ಟಿತು. "ನೀವೆಲ್ಲ ಹಸಿರು ಅಂತಿದ್ದೀರ. ಏರ್ಸುವಾಗ ಬಂಗಾರದಂಗೆ ಹಳದಿಯಾಗಿತ್ತು ದೇವ್ರಾಜಪ್ಪ. ನನ್ನ ಕಣ್ಣಾರೆ ನೋಡಿ ಏರ್ಸಿದ್ದು." ತಿರುಗಿ ಕಿಂಡಿಯ ಕಡೆ ಕೈ ತೋರಿಸಿದರು. "ಈ ಗಾಜು ಕಣ್ರೀ ಮೋಸ ಮಾಡಿದ್ದು. ಹಳೇದು ಬಿರುಕು ಬಿಡ್ತು ಅಂತ ಈ ಸಲ ನೀವು ಹೊಸದು ಹಾಕ್ಸಿದ್ರಲ್ಲ, ಅದ್ರಲ್ಲೇ ಏನೋ ಬಣ್ಣ ಐತೆ."

"ನನ್ನ ಕಣ್ಗೆ ಚೆನ್ನಾಗೇ ಕಾಣ್ತದೆ."

"ನಿಮ್ಮ ಕಣ್ಣು ಬುಡಿ. ನನ್ನ ಮಗಳು ಗಾಜಿಂದೇ ಓದಿರೋದು. ಅವಳು ಅಳೀಲಿ."

ದೇವರಾಜಣ್ಣ ಕಿಂಡಿಯ ಗಾಜನ್ನು ಇನ್ನೊಂದು ಸಲ ನೋಡಿದರು. "ಸರಿ. ರಾಧವ್ವ ಗಾಜಿನ ತಪ್ಪು ಅಂದ್ರೆ ನಾನು ಒಪ್ಕತೀನಿ, ಒಲೆ ನಿಂದೇ. ಅಲ್ಲ ಅಂದ್ರೆ ಹುಣಸೂರ್ ಕಡೆಯಿಂದ ಬೇರೆಯವ್ರನ್ನ ಕರ್ಕೊಂಡು ಬತ್ತೀನಿ. ಆಗ ಬೇಜಾರು ಮಾಡ್ಕಬೇಡ."

ರಾಧಕ್ಕ ಹೊಸ ಗಾಜನ್ನೂ ಹಳೆಯ ಗಾಜಿನ ಒಂದು ಚೂರನ್ನೂ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಮೈಸೂರಿಗೆ ಹೋದಳು. ಮುಂದಿನದನ್ನು ಅವಳೇ ನನಗೆ ಹೇಳಿದ್ದು. ಎರಡರಿಂದಲೂ ಒಂದೇ ಅಳತೆಯ ತುಂಡು ಕತ್ತರಿಸಿ, ತೊಳೆದು, ಬೆಳಕು ಹಾಯಿಸಿ ನೋಡಿದಳು. ಕೆಂಪು, ಹಳದಿ, ಹಸಿರು, ನೀಲಿ, ಎಲ್ಲವೂ ಎರಡರಲ್ಲೂ ಒಂದೇ ಥರ ಹಾಯ್ದವು. ತನ್ನದೇ ತಪ್ಪಿರಬಹುದೆಂದು ಗಾಜನ್ನು ಬ್ಯಾರನ್ನಿನಷ್ಟು ಬಿಸಿ ಮಾಡಿ ಮತ್ತೆ ನೋಡಿದಳು. ಆಗಲೂ ವ್ಯತ್ಯಾಸ ಕಾಣಲಿಲ್ಲ. ಗಾಜು ತಪ್ಪು ಮಾಡಿರಲಿ ಎಂದು ಯಂತ್ರದ ಮುಂದೆ ಕೂತು ದೇವರನ್ನು ಬೇಡಿಕೊಂಡೆ ಎಂದು ಹೇಳಿದಳು.

ಶನಿವಾರ ಮಧ್ಯಾಹ್ನ ಅವಳು ಬಸ್ಸಿಳಿದು ಮನೆಗೆ ಬಂದಾಗ ಸಿದ್ದಯ್ಯ ಸ್ನಾನ ಮುಗಿಸಿ ಹಿತ್ತಿಲಲ್ಲಿ ನಿಂತಿದ್ದರು. ತಂತಿಯ ಮೇಲಿನಿಂದ ಪಂಚೆ ಎಳೆದುಕೊಂಡು ಬಿಸಿಲಿಗೆ ಹಿಡಿದು, "ಹೂಂ, ಈಗ ಬೆಳ್ಳಗಾಯ್ತು ನೋಡು. ಇಷ್ಟು ದಿನ ಏನಾಗಿತ್ತು ನಿಂಗೆ?" ಎಂದು ಹೆಂಡತಿಗೆ ಹೇಳಿದರು.

ಶಿವನಂಜಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಪಂಚೆ ಅಷ್ಟು ನೀಲಿಯಾಗಿತ್ತು.

ರಾಧಕ್ಕನಿಗೆ ನಗು ಬರಲಿಲ್ಲ. ಅವಳ ಚೀಲದಲ್ಲಿ ತಾನೇ ಮಾಡಿದ ಗಾಜಿನ ಬಿಲ್ಲೆಗಳ ಡಬ್ಬಿ ಇತ್ತು. ಅದರಲ್ಲಿ ಕಬ್ಬಿಣದ ಪುಡಿ ಸೇರಿಸಿ ಮಾಡಿದ, ಜೇನಿನಂಥ ಬಣ್ಣದ ಒಂದು ಬಿಲ್ಲೆಯನ್ನು ತೆಗೆದು ಕಣ್ಣಿಗೆ ಹಿಡಿದು ಪಂಚೆಯನ್ನು ನೋಡಿದಳು. ನೀಲಿ ಹೋಗಿತ್ತು. ಹಳೆಯ ಬಿಳಿ ಬಟ್ಟೆಯ ಹಾಗೆ ಕಂಡಿತು. ಅದೇ ಬಿಲ್ಲೆಯಲ್ಲಿ, ಜಗಲಿಯ ಮೇಲಿದ್ದ ಕೆಟ್ಟ ಸೊಪ್ಪಿನ ಎಲೆಯೊಂದನ್ನು ನೋಡಿದಳು. ಹಸಿರು ಹಸಿರಾಗಿ ಉಳಿದಿರಲಿಲ್ಲ. ಬಂಗಾರದಂತೆ ಹಳದಿಯಾಗಿತ್ತು.

ಅವಳು ಏನೂ ಹೇಳದೆ ಒಳಗೆ ಹೋಗಿ ಬೇರೆ ಬೇರೆ ಹದದ ಎಲೆಗಳನ್ನು ತಂದು ಬಿಸಿಲಿನಲ್ಲಿ ಹರಡಿದಳು. "ಅಪ್ಪ, ಇದ್ರಲ್ಲಿ ಪೂರ್ತಿ ತಿರುಗಿರೋದು ಯಾವ್ದು, ತೆಗೆದಿಡು" ಎಂದಳು. ಮಧ್ಯೆ ಗಾಜು ಇರಲಿಲ್ಲ. ಸಿದ್ದಯ್ಯ ಕೂತು ಚಕಚಕನೆ ಆರಿಸಿದರು. ಅವರು ತೆಗೆದಿಟ್ಟ ಹಳದಿ ಎಲೆಗಳ ನಡುವೆ ಅರೆ ಹಸಿರಿನವೂ ಇದ್ದವು.

"ಗಾಜು ಏನಂತು ಮಗಾ?" ಎಂದು ಕೇಳಿದರು.

"ನಾಳೆ ಹೇಳ್ತೀನಪ್ಪ."

ಅವರು ಆಚೆ ಹೋದ ಮೇಲೆ ರಾಧಕ್ಕ ತಾಯಿಯ ಕಣ್ಣಿಗೆ ಆ ಬಿಲ್ಲೆಯನ್ನು ಹಿಡಿದಳು. ಕಣ್ಣೊಳಗೂ ಒಂದು ಗಾಜಿನಂಥದ್ದಿದೆ, ಅದು ನಿಧಾನಕ್ಕೆ ಹೀಗೆ ಬಣ್ಣ ತಿರುಗುತ್ತದೆ, ಅಪ್ಪನಿಗೆ ಜಗತ್ತು ಹೀಗೆ ಕಾಣುತ್ತಿದೆ ಎಂದಳು. ಶಿವನಂಜಮ್ಮ ಬಿಲ್ಲೆಯೊಳಗಿನಿಂದ ಪಂಚೆ, ಎಲೆ, ತಮ್ಮ ಕೈ ಎಲ್ಲವನ್ನೂ ನೋಡಿ ಅಲ್ಲಿಯೇ ಕುಸಿದು ಕೂತರು.

"ಗಾಜಿಂದೇ ತಪ್ಪು ಅಂದ್ಬುಡು" ಎಂದರು. "ಒಂದು ಮಾತು ಕಣವ್ವ. ಹೊಸ ಗಾಜು ಹಾಕ್ಸ್ಲಿ, ಕಣ್ಣಿನ ಕಡೆ ಆಮೇಲೆ ನೋಡನ. ಆ ಒಲೆ ಹೋದ್ರೆ ನಿಮ್ಮಪ್ಪ ಉಳಿಯಕಿಲ್ಲ."

"ಇನ್ನೊಂದು ಸಲಕ್ಕೆ ಸೊಪ್ಪು ತುಂಬವ್ರೆ ಅವ್ವ. ನಾಳೇನೇ ಒಲೆ ಹಚ್ಚೋದು. ಅದೂ ಹಸಿರಾದ್ರೆ?"

"ಆಗ ದೇವ್ರು."

"ಆಗ ಇನ್ಯಾವ ಗಾಜನ್ನ ತೋರ್ಸನ?"

ಭಾನುವಾರ ಬೆಳಗ್ಗೆ ಬ್ಯಾರನ್ನಿನ ಅಂಗಳದಲ್ಲಿ ನಾವೆಲ್ಲ ಇದ್ದೆವು. ರಾಧಕ್ಕ ಕತ್ತರಿಸಿ ಉಳಿದ ಗಾಜನ್ನು ತಂದಿದ್ದಳು. ಕಿಂಡಿಗೆ ಅದು ಇನ್ನೂ ಸಾಲುವಷ್ಟಿತ್ತು. ಅಲ್ಲಿಗೆ ಬರುವ ಮೊದಲು ದಾರಿಯಲ್ಲೇ ಅಪ್ಪನಿಗೆ ಹೇಳಲು ನೋಡಿದ್ದಳಂತೆ. ಅವರು ಹುರುಪಿನಲ್ಲಿ ಮುಂದೆ ಮುಂದೆ ನಡೆದುಬಿಟ್ಟಿದ್ದರು.

"ಮೇಡಮ್ಮೋರೇ, ಏನಂತದೆ ಸೈನ್ಸು?" ಎಂದರು ದೇವರಾಜಣ್ಣ.

ಸಿದ್ದಯ್ಯ ಮಗಳ ಮುಖವನ್ನೇ ನೋಡುತ್ತಿದ್ದರು. ಹೆಗಲ ಟವೆಲ್ಲನ್ನು ತಲೆಗೆ ಸುತ್ತಿ ಒಲೆಗೆ ಸಿದ್ಧರಾಗಿದ್ದರು.

"ಗಾಜು ಚೆನ್ನಾಗೈತೆ ದೇವರಾಜಣ್ಣ" ಎಂದಳು ರಾಧಕ್ಕ. ಅವಳ ದನಿ ಸಣ್ಣದಾಗಿತ್ತು. "ಅಪ್ಪ ನಿದ್ದೆ ಮಾಡ್ಲಿಲ್ಲ, ಸೌದೆನೂ ಉಳಿಸ್ಲಿಲ್ಲ. ಅವ್ರಿಗೆ ಅದು ಹಳದಿಯಾಗೇ ಕಂಡೈತೆ. ಕಣ್ಣಿಗೆ ಪೊರೆ ಬಂದೈತೆ."

ಸಿದ್ದಯ್ಯ ಬಹಳ ಹೊತ್ತು ಅವಳನ್ನು ನೋಡಿದರು. "ನಾನು ಅಳಿ ಅಂದಿದ್ದು ಗಾಜನ್ನ" ಎಂದರು. ತಲೆಯ ಟವೆಲ್ ಬಿಚ್ಚಿ ಒದರಿ, ಒಲೆಯ ಮುಂದಿನ ಕಲ್ಲಿನ ಮೇಲೆ ಹಾಕಿ ಮನೆಯ ಕಡೆ ನಡೆದರು. ದೇವರಾಜಣ್ಣ, "ಸಿದ್ದಣ್ಣ, ನಿಂತ್ಕೊ" ಎಂದು ಒಂದು ಸಲ ಕರೆದರು. ಮತ್ತೆ ಕರೆಯಲಿಲ್ಲ. ತುಂಬಿದ ಸೊಪ್ಪು ಕಾಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹುಣಸೂರಿನ ಕಡೆಯ ಕಾಂತರಾಜು ಎನ್ನುವವರು ಬಂದು ಒಲೆ ಹಚ್ಚಿದರು. ಆ ಸಲದ ಸೊಪ್ಪು ಚೆನ್ನಾಗಿ ಇಳಿಯಿತು.

ಸಿದ್ದಯ್ಯ ಮಗಳೊಂದಿಗೆ ಮಾತು ಬಿಟ್ಟರು. ಅವಳು ಬಡಿಸಿದರೆ ಉಣ್ಣುತ್ತಿದ್ದರು, ಸಾಕು ಎನ್ನಲು ಕೈ ಅಡ್ಡ ಹಿಡಿಯುತ್ತಿದ್ದರು, ಅಷ್ಟೆ. ಕಣ್ಣಿನ ಮಾತನ್ನು ನಂಬಲಿಲ್ಲ. ದೂರದ್ದು ಮಂಜಾಗಿದೆ ಎನ್ನುವುದನ್ನು ಮಾತ್ರ ಒಪ್ಪಿದರು. ಸುಗ್ಗಿಯ ಹೊತ್ತಿಗೆ ಶಿವನಂಜಮ್ಮ ಅತ್ತು ಕರೆದು ಅವರನ್ನು ಮೈಸೂರಿಗೆ ಹೊರಡಿಸಿದರು. ಅಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ವಯಸ್ಸಿಗೂ ಆಗಬಹುದು, ಬೆಂಕಿಯ ಕಾವಿಗೂ ಆಗಬಹುದು, ಇನ್ನು ಒಲೆಯ ಮುಂದೆ ಕೂರಬಾರದು ಎಂದರಂತೆ ಡಾಕ್ಟರು.

ಮನೆಗೆ ಬಂದು ಪಟ್ಟಿ ತೆಗೆದ ದಿನ ಸಿದ್ದಯ್ಯ ಹಿತ್ತಿಲಿಗೆ ಹೋಗಿ, "ಯಾರ್ದೇ ಇದು, ನೀಲಿ ಪಂಚೆ?" ಎಂದು ಕೂಗಿದರು. ಶಿವನಂಜಮ್ಮ ನಗಲು ಹೋಗಿ ಅತ್ತುಬಿಟ್ಟರು.

ಆಗ ಅವರು ಆ ಕೆಟ್ಟ ಸೊಪ್ಪನ್ನು ಕೇಳಿದರು. ರಾಧಕ್ಕ ಅಳೆಯಲು ಇಟ್ಟುಕೊಂಡಿದ್ದ ಎಲೆಯೊಂದನ್ನು ತಂದುಕೊಟ್ಟಳು. ಅವರು ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೊಂದು ಮುಚ್ಚಿ ನೋಡಿದರು. ಮತ್ತೆ ಮೊದಲಿನದನ್ನು ಮುಚ್ಚಿದರು.

"ಇಷ್ಟು ಹಸಿರಿತ್ತಾ?" ಎಂದರು. ಅಷ್ಟು ತಿಂಗಳಲ್ಲಿ ಮಗಳಿಗೆ ಆಡಿದ ಮೊದಲ ಮಾತು ಅದು.

"ಹೂಂ ಅಪ್ಪ."

"ಯಾವಾಗಿಂದ ಇಂಗಾಗಿತ್ತು?"

"ಹೇಳಕ್ಕಾಗಲ್ಲ. ನಿಧಾನಕ್ಕೆ ಆಗೋದು."

"ಸುಂದ್ರಮ್ಮನ ಮೇಲೆ ಹಾಕಿದ್ನಲ್ಲ, ಆ ವರ್ಷ?"

"ಗೊತ್ತಿಲ್ಲಪ್ಪ" ಎಂದಳು ರಾಧಕ್ಕ. ಹೌದು ಎಂದೋ ಅಲ್ಲ ಎಂದೋ ಹೇಳಬಹುದಿತ್ತು, ಆದರೆ ಆ ವರ್ಷದ ಎಲೆಯೂ ಇರಲಿಲ್ಲ, ಆ ವರ್ಷದ ಕಣ್ಣನ್ನು ಯಾರೂ ನೋಡಿಯೂ ಇರಲಿಲ್ಲ, ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ ಎಂದು ಆಮೇಲೆ ನನ್ನನ್ನು ಕೇಳಿದಳು.

ಮರುದಿನ ಸಂಜೆ ಸಿದ್ದಯ್ಯ ನಮ್ಮ ಮನೆಗೆ ಬಂದರು. ಜೊತೆಗೆ ಬಂದ ರಾಧಕ್ಕ ಬೀದಿಯ ತಿರುವಿನಲ್ಲೇ ನಿಂತಳು. ಅಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು.

"ಸುಂದ್ರಮ್ಮ, ಆವತ್ತಿನ ಸೊಪ್ಪು ಎಳೇದಾಗಿರ್ಲಿಲ್ವೋ ಏನೋ. ನನ್ನ ಕಣ್ಣೇ ಕೆಟ್ಟಿತ್ತೋ ಏನೋ. ಅದ್ನ ಹೇಳಕ್ಕೆ ಬಂದೆ."

"ಏನೋ ಅಂದ್ರೆ?"

"ಗೊತ್ತಿಲ್ಲ ಕಣವ್ವ. ನನ್ನ ಮಗಳೂ ಗೊತ್ತಿಲ್ಲ ಅಂತಾಳೆ."

"ನಂಗೆ ಗೊತ್ತಿತ್ತು ಸಿದ್ದಣ್ಣ" ಎಂದಳು ಅಮ್ಮ. ಮೊರ ನಿಲ್ಲಿಸಲಿಲ್ಲ. "ನಾನು ಮುರಿದಿದ್ದು ಹಣ್ಣೆಲೇನೇ. ಆವತ್ತೂ ಅದ್ನೇ ಹೇಳ್ದೆ."

ಸಿದ್ದಯ್ಯ ನಿಂತೇ ಇದ್ದರು. ಕೇರಿದ ರಾಗಿಯನ್ನು ಪಕ್ಕಕ್ಕೆ ಸುರಿಯುತ್ತಾ ಅಮ್ಮ, "ಕೂತ್ಕೊ, ಕಾಫಿ ಕುಡಿವಂತೆ" ಎಂದಳು. ಅವರು ಕೂರಲಿಲ್ಲ. ಅಲ್ಲಿಂದ ನೇರವಾಗಿ ದೇವರಾಜಣ್ಣನ ಮನೆಗೆ ಹೋಗಿ ಅದೇ ಮಾತನ್ನು ಅವರಿಗೂ ಹೇಳಿದರಂತೆ.

ಈ ವರ್ಷ ಸೊಪ್ಪು ಮುರಿಯಲು ದೇವರಾಜಣ್ಣ ಅಮ್ಮನಿಗೆ ಹೇಳಿ ಕಳಿಸಿದರು. ಅಮ್ಮ ಹೋಗಲಿಲ್ಲ. ನಾನು ಹೋಗುತ್ತಿದ್ದೇನೆ. ರಾಧಕ್ಕ ಈಗಲೂ ಹುಣಸೂರಿಗೆ ಹೋಗಿ ಬರುತ್ತಾಳೆ, ಅವಳ ಸಂಶೋಧನೆ ಇನ್ನೂ ಮುಗಿದಿಲ್ಲ. ಸಿದ್ದಯ್ಯ ಬ್ಯಾರನ್ನಿನ ಕಡೆ ಬರುವುದಿಲ್ಲ. ಕಿಂಡಿಯಲ್ಲಿ ರಾಧಕ್ಕ ಅಳೆದ ಗಾಜೇ ಇದೆ, ಒಂದು ಮೂಲೆ ಕತ್ತರಿಸಿದ್ದು. ಆ ಸಂದಿಗೆ ಮಣ್ಣು ಮೆತ್ತಿದ್ದಾರೆ.