ಕುಲಕರ್ಣಿಯವರು ಫುಟ್‌ಪಾತಿನಲ್ಲಿ ಕುಳಿತದ್ದು

ಇವತ್ತು ಬೆಳಿಗ್ಗೆ ಲೇಕ್ ಮಾರ್ಕೆಟ್ಟಿನಲ್ಲಿ ಕಾಫಿಪುಡಿಗೆ ಕಾಯುತ್ತ ನಿಂತಿದ್ದೆ. ಆ ವಾಸನೆಗೆ ಮನಸ್ಸು ಮೈಸೂರಿನ ಕಡೆ ಹೊರಡುವುದರಲ್ಲಿತ್ತು. ಅಷ್ಟರಲ್ಲಿ ಧ್ವನಿವರ್ಧಕ ಕಟ್ಟಿಕೊಂಡ ಆಟೋ ಒಂದು, ಯಾರೋ ಅಭ್ಯರ್ಥಿಯನ್ನು ವಿದ್ಯಾವಂತ, ಸಜ್ಜನ ಎಂದು ಹೊಗಳುತ್ತ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಆ ಎರಡು ಮಾತು ಒಟ್ಟಿಗೆ ಬಿದ್ದರೆ ನನಗೆ ಕುಲಕರ್ಣಿಯವರೇ ನೆನಪಾಗುವುದು. ಅವರ ಪರವಾಗಿ ಅದನ್ನು ಬಂಗಾಳಿಯಲ್ಲಿ ಮೊದಲು ಕೂಗಿದವರಲ್ಲಿ ನಾನೂ ಒಬ್ಬ.

ಕುಲಕರ್ಣಿಯವರು ಧಾರವಾಡದವರು, ಇಲ್ಲಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. ನಾನು ಹೌರಾದ ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ಭಾನುವಾರ ಅವರು ನಮ್ಮ ಮನೆಗೆ ಊಟಕ್ಕೆ ಬಂದರೆ, ಚಿತ್ರಾನ್ನ ಯಾಕೆ ಮೊದಲು ಖಾಲಿಯಾಯಿತು, ಮೊಸರನ್ನ ಯಾಕೆ ಉಳಿಯಿತು ಎಂಬುದಕ್ಕೂ ಬೇಡಿಕೆ, ಪೂರೈಕೆ ಎಂದು ಕಾರಣ ಹೇಳುತ್ತಿದ್ದರು. ನನ್ನ ಹೆಂಡತಿ ಕೈಯಲ್ಲಿ ಸೌಟು ಹಿಡಿದು, "ಅದೆಲ್ಲ ಇರಲಿ ಸಾರ್, ಇನ್ನೊಂದು ಚೂರು ಹಾಕಲೋ ಬೇಡವೋ?" ಎನ್ನುತ್ತಿದ್ದಳು. ಅಂಥ ನೇರ ಪ್ರಶ್ನೆಗೆ ಅವರ ಶಾಸ್ತ್ರದಲ್ಲಿ ಉತ್ತರ ಸುಲಭವಿರಲಿಲ್ಲ. ಫುಟ್‌ಪಾತಿನ ಅಂಗಡಿಗಳೆಂದರೆ ಮಾತ್ರ ಅವರಿಗೆ ಸಂದೇಹವೇ ಇರಲಿಲ್ಲ. "ರಸ್ತಾ ಎಲ್ಲಾರದೂ ಅಲ್ಲೇನ್ರೀ? ಇವರು ಇಲ್ಲಿ ಕುಂತ್ರ ಉಳದವ್ರು ಎಲ್ಲಿ ಅಡ್ಡಾಡಬೇಕು?" ಎಂದು ಅದೇ ಫುಟ್‌ಪಾತಿನಲ್ಲಿ ಬಗ್ಗಿ, ಎಳೆಯ ಕರಿಬೇವು ಆರಿಸುತ್ತ ಹೇಳುತ್ತಿದ್ದರು.

ಆಗ ಐಟಿಯ ಕಾಲ. ಊರಂಚಿನ ಸಾಲ್ಟ್ ಲೇಕ್ ಬಡಾವಣೆಯ ಆಚೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಟಿವಿಯವರಿಗೆ ದಿನಾ ಸಂಜೆ ಒಬ್ಬ ಅರ್ಥಶಾಸ್ತ್ರಜ್ಞ ಬೇಕಾಗುತ್ತಿದ್ದ. ಕುಲಕರ್ಣಿಯವರು ಕೋಟು ಹೊಲಿಸಿದರು. ನಮ್ಮ ವಾರ್ಡಿನಲ್ಲಿ ದಕ್ಷಿಣದವರ ಮನೆಗಳು ಹೆಚ್ಚು ಎಂದು ಲೆಕ್ಕ ಹಾಕಿದ ಒಂದು ಪಕ್ಷ, ಕಾರ್ಪೊರೇಷನ್ ಚುನಾವಣೆಗೆ ಅವರನ್ನೇ ನಿಲ್ಲಿಸಿತು. ಪಕ್ಷದ ಕಡೆಯಿಂದ ಅವರನ್ನು ನೋಡಿಕೊಳ್ಳಲು ಬಂದವನು ತಪನ್‌ದಾ. ದಪ್ಪ ಆಳು, ಮೆಲು ಮಾತು. "ಸಾರ್, ಬರೀ ನಮಸ್ಕಾರ ಮಾಡಿ. ವಿವರಿಸೋಕೆ ಮಾತ್ರ ಹೋಗಬೇಡಿ" ಎಂದು ಹಿಂದಿಯಲ್ಲಿ ಬೇಡಿಕೊಂಡ.

ಅಷ್ಟು ವರ್ಷ ಇಲ್ಲಿದ್ದರೂ ಕುಲಕರ್ಣಿಯವರ ಬಂಗಾಳಿ, ಮೀನು ಬೇಡ ಎನ್ನುವುದರಿಂದ ಮುಂದೆ ಹೋಗಿರಲಿಲ್ಲ. ಹಾಗಾಗಿ ನಾನು ಮೇಷ್ಟ್ರಾದೆ. ನನ್ನ ಬಂಗಾಳಿಯೋ ಸಂತೆಯಲ್ಲಿ ಚೌಕಾಸಿ ಮಾಡಿ ಕಲಿತದ್ದು. "ಭೋಟ್‌ಟಾ ದೇಬೇನ್ ತೋ?", ಅಂದರೆ ಓಟು ಕೊಡುತ್ತೀರಿ ತಾನೆ, ಎಂದು ನಾನು ಹೇಳಿಕೊಟ್ಟದ್ದನ್ನು ಅವರು ನನ್ನದೇ ಧಾಟಿಯಲ್ಲಿ ಒಪ್ಪಿಸಿದರು, ಬದನೆಕಾಯಿ ಇಳಿಸಿ ಕೊಡುತ್ತೀಯೋ ಮುಂದಿನ ಅಂಗಡಿಗೆ ಹೋಗಲೋ ಎಂಬಂತಿತ್ತು. ಜನ ನಕ್ಕರು. ನಕ್ಕವರು ಓಟು ಕೊಟ್ಟರು.

ಫುಟ್‌ಪಾತಿನಲ್ಲಿ ಬಾಳೆಲೆ, ಕರಿಬೇವು ಮಾರುತ್ತಿದ್ದ, ನಾವೆಲ್ಲ ಮಾಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಹೆಂಗಸಿನ ಪಕ್ಕದಲ್ಲೂ ಅವರು ಪ್ರಚಾರದ ವೇಳೆ ಕೂತು, ಮುರಿ ಎನ್ನುವ ಮಂಡಕ್ಕಿ ತಿಂದು, "ನಿನ್ನನ್ನು ಯಾರೂ ಏಳಿಸುವುದಿಲ್ಲ" ಎಂದು ನನ್ನಿಂದ ಬಂಗಾಳಿಯಲ್ಲಿ ಹೇಳಿಸಿ ಮಾತು ಕೊಟ್ಟಿದ್ದರು. ಗೆದ್ದ ವರ್ಷವೇ ಯಾವುದೋ ಸಾಫ್ಟ್‌ವೇರ್ ಕಂಪನಿಯ ವಿದೇಶಿ ಅತಿಥಿಗಳು ಆ ರಸ್ತೆಯಲ್ಲಿ ಹಾದುಹೋಗುವುದು ಗೊತ್ತಾಯಿತು. ಅತಿಥಿಗಳು ಹೋಗುವವರೆಗೆ ಅಂಗಡಿಗಳು ಬೇಡ, ಆಮೇಲೆ ಬರಲಿ ಎಂದರು ಪಕ್ಷದ ಮೇಲಿನವರು. ಕುಲಕರ್ಣಿಯವರು ಅದನ್ನು ನಂಬಿ, ತಾವೇ ಹೋಗಿ ಮಾಶಿಯನ್ನು ಒಪ್ಪಿಸಿ ಎಬ್ಬಿಸಿದರು. ಅತಿಥಿಗಳ ಕಾರು ಗಾಜು ಏರಿಸಿಕೊಂಡೇ ಹೋಯಿತು. ಮಾಶಿಯ ಜಾಗದಲ್ಲಿ ಸಿಮೆಂಟಿನ ಹೂಕುಂಡ ಬಂದು ಕೂತಿತು. ಕೇಳಿದರೆ ಮೇಲಿನವರು, "ನೋಡೋಣ" ಎಂದರು.

ಕುಲಕರ್ಣಿಯವರು ಅಷ್ಟು ಸಪ್ಪಗಾದದ್ದನ್ನು ನಾನು ಕಂಡಿರಲಿಲ್ಲ. ಒಂದು ಬೆಳಿಗ್ಗೆ ಮಾಶಿಯ ಮನೆಗೆ ಹೋಗಿ ಬಾಳೆಲೆಯ ಹೊರೆಯನ್ನೂ ಅವಳನ್ನೂ ರಿಕ್ಷಾದಲ್ಲಿ ಹಾಕಿಕೊಂಡು ಬಂದು, ಹೂಕುಂಡದ ಪಕ್ಕದಲ್ಲಿ ಗೋಣಿ ಹಾಸಿ ತಾವೇ ಕೂತರು. ನಾನು ಹೌರಾದ ಕಚೇರಿಗೆ ನದಿ ದಾಟುವ ದೋಣಿ ಹಿಡಿಯಲು ಹೊರಟವನು ಅಲ್ಲೇ ನಿಂತೆ.

"ಏಳಿ ಸಾರ್, ಯಾರಾದರೂ ನೋಡಿದರೆ ಏನಂದುಕೊಂಡಾರು?"

"ಮಾತು ಕೊಟ್ಟೀನ್ರೀ. ಅಕೀನ್ನ ಎಬ್ಬಿಸಿದಾವ ನಾನಽ. ಇವತ್ತ ನನ್ನ ಎಬ್ಬಿಸ್ಲಿ."

ಮಾಶಿಗೆ ಅವರ ತ್ಯಾಗ ಹಿಡಿಸಲಿಲ್ಲ. "ಎಲೆ ಮೇಲೆ ಕೂತಿದ್ದಾನೆ, ನಿಮ್ಮ ಬಾಬುಗೆ ಹೇಳಿ" ಎಂದು ನನ್ನ ಹತ್ತಿರ ದೂರಿದಳು. ಅವತ್ತು ಬಂದು ನೋಡಿದವರು ಕಡಿಮೆ. ಮರುದಿನವೂ ಅವರು ಹೋಗಿ ಕೂತರು, ಟಿವಿಯವರೆಲ್ಲ ಬಂದರು. ಅದರ ಮರುದಿನ ಹೂಕುಂಡ ಹೋಯಿತು, ಮಾಶಿ ಮರಳಿ ಕೂತಳು. ಕುಲಕರ್ಣಿಯವರು ರಾಜೀನಾಮೆ ಕೊಡಲು ಪಕ್ಷದ ಕಚೇರಿಗೆ ಹೋದರೆ ತಪನ್‌ದಾ ಅವರನ್ನು ತಬ್ಬಿಕೊಂಡು, "ಏನು ತಲೆ ಸಾರ್! ನಮಗಾರಿಗೂ ಹೊಳೆದಿರಲಿಲ್ಲ" ಎಂದು ಕಣ್ಣೊರೆಸಿಕೊಂಡ. ಇದು ಉಪಾಯವಲ್ಲ ಎಂದು ಅವರು ಹೇಳಿದಷ್ಟೂ ಪಕ್ಷದವರಿಗೆ ಅವರ ಮೇಲೆ ಗೌರವ ಹೆಚ್ಚಿತು. ಕೊನೆಗೆ ಅವರಿಗೆ ದೊಡ್ಡ ಹುದ್ದೆ ಕೊಟ್ಟರು, ಕಾರು ಕೊಟ್ಟರು. ಆಮೇಲೆ ಎಲ್ಲಿ ಜಗಳವಾದರೂ ಅವರನ್ನು ಕರೆದೊಯ್ದು ಕೂರಿಸುತ್ತಿದ್ದರು. ಅವರೂ ಕೂರುತ್ತಿದ್ದರು. ಕೂತು ಕೂತು ಜನಕ್ಕೆ ಬೇಸರವಾಯಿತು. ಮುಂದಿನ ಚುನಾವಣೆಯಲ್ಲಿ ಸೋತರು.

ಕಾಫಿಪುಡಿ ಹಿಡಿದು ಇವತ್ತು ನೇರ ಅವರ ಮನೆಗೇ ಹೋದೆ. ವಯಸ್ಸಾಗಿದೆ, ಕಿಟಕಿಯ ಬಳಿ ಕೂತಿದ್ದರು. ಇಷ್ಟು ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಒಂದೇ: ನಮ್ಮ ಕುಲಕರ್ಣಿಯವರು ನಿಜವಾಗಿ ಕೂತಿದ್ದರು, ನಾಟಕವಲ್ಲ ಎಂದು. ಅದನ್ನೇ ಅವರ ಬಾಯಲ್ಲೂ ಕೇಳುವ ಆಸೆಯಾಗಿ, ಕೇಳಿಯೇ ಬಿಟ್ಟೆ.

ಅವರು ರಸ್ತೆಯಿಂದ ನನ್ನ ಕಡೆ ತಿರುಗಿದರು. "ಮೊದಲನೇ ದಿನ ಖರೇನಽ ಕೂತಿದ್ದೆ" ಎಂದರು. "ಎರಡನೇ ದಿನ ಹೊರಡೋ ಮುಂದ ಕನ್ನಡಿ ಮುಂದ ನಿಂತು ತಲಿ ಬಾಚ್ಕೊಂಡೆ. ಅವಾಗಿಂದ ನನಗೂ ತಿಳೀವಲ್ತು."

ಮೊದಲ ದಿನವನ್ನಾದರೂ ನಾನು ಕಣ್ಣಾರೆ ಕಂಡವನಲ್ಲವೇ ಎಂದುಕೊಂಡೆ. ಒಳಗಿನಿಂದ ಅವರ ಹೆಂಡತಿ ಶಾಂತಕ್ಕ, "ಬಾಚ್ಕೊಳ್ಳಾಕ ಕೂದಲಾದ್ರೂ ಎಲ್ಲಿದ್ದುವು ಅವಾಗ?" ಎಂದರು.

ಕುಲಕರ್ಣಿಯವರ ಕೈ ತಾನಾಗಿ ತಲೆಯ ಮೇಲೆ ಹೋಯಿತು.